ಮರುಗಂಟೆ

ನಮ್ಮೂರ ಗಡಿಯಾರ ಒಂದೇ ಹೊತ್ತನ್ನು ಎರಡು ಸಲ ಹೊಡೆಯುತ್ತಿತ್ತು.
ಒಮ್ಮೆ ಹೊಡೆದು, ಎರಡು ನಿಮಿಷ ಬಾಯಿ ಮುಚ್ಚಿ,
ಮತ್ತೆ ಅಷ್ಟನ್ನೇ.
ಮೊದಲನೆಯದು ಕಿವಿ ನಿಮಿರಲಿಕ್ಕೆ,
ಎರಡನೆಯದು ಎಣಿಸಲಿಕ್ಕೆ,
ಎಂದು ಹೇಳಿಕೊಟ್ಟವಳು ನಜ್ಜರೇನಾ,
ಕೆಳಗಿನ ಬಯಲಿಂದ ಪಿಯೆತ್ರಸೋರ್ಬಕ್ಕೆ
ನಾನು ಸೊಸೆಯಾಗಿ ಹತ್ತಿಬಂದ ಚಳಿಗಾಲ.

ರೊಟ್ಟಿಗೆ ಉಪ್ಪು ಹಾಕುವ ಸೀಮೆಯವಳು ನಾನು.
ಇಲ್ಲಿ ಹಾಕುವುದಿಲ್ಲ. ಯಾವುದೋ ಕಾಲದ ಪೋಪನೊಬ್ಬ
ಉಪ್ಪಿಗೆ ಸುಂಕ ಹೇರಿದನಂತೆ,
ಅಂದು ಬಿಟ್ಟ ಉಪ್ಪನ್ನು ಇವರು ಇನ್ನೂ ಮುಟ್ಟಿಲ್ಲ.
ಹಟವೆಂದರೆ ಹೀಗಿರಬೇಕು.
ಮೂವತ್ತೊಂದು ವರ್ಷವಾದರೂ ನನ್ನ ಹೆಸರು ‘ಉಪ್ಪಿನವಳು’.

ನಜ್ಜರೇನಾಳ ಸೊಂಟದಲ್ಲಿ ಗೋಪುರದ ಬೀಗದಕೈ.
ಅಪ್ಪನಿಂದ ಬಂದದ್ದು, ಅವನಿಗೆ ಅವನ ಚಿಕ್ಕಪ್ಪನಿಂದ.
ದಿನಾ ಬೆಳಿಗ್ಗೆ ತೊಂಬತ್ತೊಂದು ಮೆಟ್ಟಿಲು,
ಮೇಲೆ, ಪಾರಿವಾಳದ ಹಿಕ್ಕೆಯ ನಡುವೆ,
ಹಿಡಿಕೆಗೆ ನೂರಿಪ್ಪತ್ತು ಸುತ್ತು.
ಬಾವಿಯಿಂದ ಕೊಡ ಸೇದುವ ಹಾಗೆ
ಕಲ್ಲಿನ ಗುಂಡನ್ನು ಮೇಲಕ್ಕೆ ಸೇದುವಳು.
“ಒಂದು ದಿನ ಎಷ್ಟು ತೂಗುತ್ತದೆ ಗೊತ್ತೇನೆ?
ನಲವತ್ತು ಕಿಲೋ. ಹಬ್ಬವಿರಲಿ, ಸಾವಿರಲಿ,
ಗುಲಗಂಜಿಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ.”

ಆ ಎರಡು ನಿಮಿಷ ಯಾರ ಲೆಕ್ಕಕ್ಕೂ ಸೇರದ ಹೊತ್ತು.
ಹುಡುಗರು ಕೋಟೆಬಾಗಿಲಿಂದ ಕಾರಂಜಿಯವರೆಗೆ ಓಡುವರು,
ಮರುಗಂಟೆಗೆ ಮುಂಚೆ ನೀರು ಮುಟ್ಟಿದವನೇ ಗಂಡು.
ಗೋಡೆಗೆ ಮುಖ, ಬೀದಿಗೆ ಬೆನ್ನು ಮಾಡಿ ಕುರ್ಚಿ ಹಾಕಿ
ಕಾಳು ಸುಲಿಯುವ ಜೆಲಿಂದಾ, ದೆಲ್ಫೀನಾ
ಆಗಷ್ಟೇ ಬೈದುಕೊಳ್ಳುವರು. ಎರಡನೆಯದು ಬಿದ್ದರೆ
ಮತ್ತೆ ನಾದಿನಿ ಅತ್ತಿಗೆಯರು, ಮತ್ತೆ ಒಂದೇ ಬುಟ್ಟಿ.

ನನ್ನತ್ತೆ ಆರ್ಜಿಯಾ, ಮೆತ್ತನೆಯ ಮಾತು ಅರಿಯದವಳು,
ಕೊನೆಯ ರಾತ್ರಿ ಕಣ್ಣು ತೆರೆದು ಕೇಳಿದಳು: “ಎಷ್ಟು ಹೊಡೆಯಿತು?”
ನಾನು ಎಣಿಸಿರಲಿಲ್ಲ.
“ತಾಳಿ ಅತ್ತೆ, ಇನ್ನೊಮ್ಮೆ ಹೇಳುತ್ತದೆ.”
ತಾಳಿದಳು. ನನ್ನ ಕೈ ಹಿಡಿದುಕೊಂಡೇ ತಾಳಿದಳು.
ನಾಲ್ಕು.
“ರೊಟ್ಟಿ ಒಲೆಗೆ ಹೋಗಿರಬೇಕು,” ಅಂದಳು. ಅಷ್ಟೇ.

ಆಮೇಲೆ ಸನ್ಯಾಸಿನಿಯರ ಮಠ ಹೋಟೆಲಾಯಿತು.
ಅವರು ನಡುರಾತ್ರಿ ಪ್ರಾರ್ಥನೆಗೆ ಏಳುತ್ತಿದ್ದ ಕೋಣೆಗಳಲ್ಲಿ
ದೂರದೇಶದವರು ನಿದ್ದೆಗೆಂದು ದುಡ್ಡು ತೆರುವರು.
ಒಂದು ಸಲವಾದರೆ ಸೊಗಸು, ಎರಡು ಸಲ ಯಾಕೆ, ಎಂದು
ಬಾಗಿಲ ಬಳಿಯ ಪುಸ್ತಕದಲ್ಲಿ ಬರೆದಿಟ್ಟು ಹೋದರು.
ಪುರಸಭೆಯಲ್ಲಿ ಕೈ ಎತ್ತಿಸಿದರು: ಐದು, ನಾಲ್ಕು.
ತೆರ್ನಿಯಿಂದ ಒಬ್ಬ ಹುಡುಗ ಬಂದ,
ಚಪ್ಪಲಿಡಬ್ಬಿಯಷ್ಟು ಮೋಟಾರು ಕೂರಿಸಿ
ಊಟದ ಹೊತ್ತಿಗೆ ಮೊದಲೇ ಬೆಟ್ಟ ಇಳಿದ.

ನಜ್ಜರೇನಾ ಜಗಳವಾಡಲಿಲ್ಲ.
“ನನ್ನ ಬಲಭುಜವೂ ಓಟು ಹಾಕಿತ್ತು ಕಣೆ, ಅವರ ಕಡೆಗೆ,”
ಎಂದು ಬೀಗದಕೈ ಕೊಟ್ಟು ಬಂದಳು.

ಮೊದಲ ರಾತ್ರಿ ನನ್ನ ಗಂಡ ಉಬಾಲ್ದೊ
ಮೂರಕ್ಕೆ ಎದ್ದು ಕೂತು ಮರುಗಂಟೆಗೆ ಕಾದ,
ಒಂದು ಕಾಲುಚೀಲ ಕಾಲಲ್ಲಿ, ಒಂದು ಕೈಯಲ್ಲಿ.
ಕಾದೇ ಕಾದ.
ಅಂದು ಹಿಟ್ಟು ಉಬ್ಬಿ ತೊಟ್ಟಿ ಮೀರಿತು,
ಊರಿಗೂರೇ ಹುಳಿರೊಟ್ಟಿ ತಿಂದಿತು, ಯಾರೂ ದೂರಲಿಲ್ಲ.
ಜೆಲಿಂದಾ ದೆಲ್ಫೀನಾ ಆ ವಾರ ಶುರುಮಾಡಿದ ಜಗಳ
ನಿಲ್ಲಿಸುವವರಿಲ್ಲದೆ ಇವತ್ತಿಗೂ ನಡೆದಿದೆ.

ಈಗ ನಜ್ಜರೇನಾ ಬೆಳಿಗ್ಗೆ ಕಾಫಿಬೀಜ ಬೀಸುತ್ತಾಳೆ,
ಒಬ್ಬಳಿಗೆ ಬೇಕಾದ್ದಕ್ಕಿಂತ ಹೆಚ್ಚು.
ಉಳಿದ ಪುಡಿ ನಮ್ಮ ಮನೆಗೆ.
ಎಷ್ಟು ಸುತ್ತು ಎಂದು ನಾನು ಕೇಳಿಲ್ಲ.

ಮೊನ್ನೆ ಹೋಟೆಲಿನಿಂದ ಒಬ್ಬ ಹುಡುಗಿ,
ಕಲ್ಲುಹಾಸಿನ ಮೇಲೆ ಪೆಟ್ಟಿಗೆಯ ಗಾಲಿ ಗಡಗಡಿಸುತ್ತ ಬಂದವಳು,
ನಮ್ಮಂಗಡಿಯ ಬಾಗಿಲಲ್ಲಿ ಮುರುಕು ಮಾತಲ್ಲಿ ಕೇಳಿದಳು:
ಈಗ ಎಷ್ಟು ಹೊಡೆಯಿತು?
ಹಿಟ್ಟಿನ ಕೈ ಎತ್ತಿ, “ತಾಳು,” ಅಂದೆ.

ನಿಂತಳು. ನಾನೂ ನಿಂತೆ.
ಕೆಳಗೆ ಬಯಲಿಂದ ಬಸ್ಸು
ಒಂದೊಂದೇ ತಿರುವು ಹತ್ತುತ್ತಿತ್ತು.